ಸಿಲೋನಿಗೆ ಹೋದ ಮಂಡಕ್ಕಿ ಡಬ್ಬಿ

ಸಿಲೋನಿಗೆ ಹೋಗಿ ಬಂದವರು ಅಲ್ಲಿನ ಟೀ ತೋಟ, ಬುದ್ಧನ ಹಲ್ಲು, ಮುತ್ತು ರತ್ನಗಳ ವಿಷಯ ಬರೆಯುತ್ತಾರೆ. ನಾನೂ ಹೋಗಿ ಬಂದವಳೇ. ಆದರೆ ಹಲ್ಲು ನೋಡಲು ಹೋದ ದಿನ ಗುಡಿಯ ಬಾಗಿಲು ಹಾಕಿತ್ತು. ಟೀ ತೋಟದಲ್ಲಿ ಮಂಜು ಕವಿದು ಎದುರಿಗಿದ್ದ ಗಿಡವೂ ಕಾಣಲಿಲ್ಲ. ಮುತ್ತಿನ ಅಂಗಡಿಯವನು ನನ್ನ ಕಾಟನ್ ಸೀರೆ ನೋಡಿ ಪೆಟ್ಟಿಗೆಯನ್ನೇ ತೆಗೆಯಲಿಲ್ಲ. ಹೀಗಾಗಿ ನನ್ನ ಏಕೈಕ ಫಾರಿನ್ ಟ್ರಿಪ್ಪಿನಲ್ಲಿ ಹೇಳಿಕೊಳ್ಳುವಂಥದ್ದು ಒಂದು ಬಿಸ್ಕತ್ತಿನ ಡಬ್ಬಿ, ಒಂದು ಕೊಡೆ ಮತ್ತು ನಾವು ತಿನ್ನದೇ ಬಿಟ್ಟ ಒಂದು ಮಿರ್ಚಿ. ಇಷ್ಟಕ್ಕಾಗಿ ಸಮುದ್ರ ದಾಟಬೇಕಿತ್ತೇ ಎಂದು ನೀವು ಕೇಳಬಹುದು. ದಾಟಬೇಕಿತ್ತು. ಐ ಮಸ್ಟ್ ಸೇ, ದಾಟದಿದ್ದರೆ ನಮ್ಮ ದಾವಣಗೆರೆಯಿಂದ ಹರಿಹರ ಎಷ್ಟು ದೂರ ಎನ್ನುವುದು ನನಗೆ ಯಾವತ್ತೂ ತಿಳಿಯುತ್ತಿರಲಿಲ್ಲ.

ದಾವಣಗೆರೆ ಸ್ಟೇಷನ್

ಆಗ ನಾನು ದಾವಣಗೆರೆಯ ಹೆಣ್ಣುಮಕ್ಕಳ ಹೈಸ್ಕೂಲೊಂದರಲ್ಲಿ ಇಂಗ್ಲಿಷ್ ಮೇಡಂ. ಮದುವೆಯಾಗಿರಲಿಲ್ಲ. ಅಪ್ಪ ಬದುಕಿದ್ದಾಗ ಹಟ ಹಿಡಿದು ನನ್ನನ್ನು ಬೆಂಗಳೂರಿನ ಕಾನ್ವೆಂಟಿಗೆ ಹಾಕಿದ್ದರು. ಅಲ್ಲಿನ ಸಿಸ್ಟರುಗಳು ಸುಶೀಲೆಯನ್ನು ಸೂಸಿ ಮಾಡಿ, ಕೈಗೆ ಫೋರ್ಕು ಹಿಡಿಸಿ, ನಾಲಗೆಗೆ ಇಸ್ತ್ರಿ ಹಾಕಿ ಊರಿಗೆ ಕಳಿಸಿದರು. ಆಮೇಲೆ ಹೆಣ್ಣು ನೋಡಲು ಬಂದವರು ನನ್ನ ಇಂಗ್ಲಿಷಿಗೆ ಹೆದರಿ ಉಪ್ಪಿಟ್ಟು ತಿಂದು ಹೋಗುತ್ತಿದ್ದರು. ಹೆದರದವರಿಗೆ ನಾನು ಹೆದರುತ್ತಿದ್ದೆ.

ಮನೆಯಲ್ಲಿ ಇದ್ದದ್ದು ನಾನು ಮತ್ತು ಗೌರತ್ತೆ. ಗೌರತ್ತೆ ಅಪ್ಪನ ಅಕ್ಕ. ಲೋಕಿಕೆರೆಗೆ ಕೊಟ್ಟಿದ್ದರು. ಗಂಡ ತೀರಿದ ಮೇಲೆ ತವರಿಗೆ ಬಂದು, ತಾಯಿ ಇಲ್ಲದ ನನ್ನನ್ನು ಸಾಕಿದಳು. ಓದು ಬರಹ ಇರಲಿಲ್ಲ. ಆದರೆ ಯಾರು ಯಾರಿಗೆ ಏನಾಗಬೇಕು ಎಂದು ವರಸೆ ಹೇಳುವುದರಲ್ಲಿ ಆಕೆಯನ್ನು ಮೀರಿಸುವವರು ತಾಲೂಕಿನಲ್ಲೇ ಇರಲಿಲ್ಲ. ಎದುರಿಗೆ ಬಂದವರು ಯಾರೇ ಆಗಲಿ, ಮೊದಲು ನಿಮ್ಮೂರು ಯಾವುದು ಎನ್ನುವಳು. ಆಮೇಲೆ ಅವ್ವನ ತವರು ಯಾವುದು ಎನ್ನುವಳು. ಮೂರನೆಯದು, ಅಲ್ಲಿ ಯಾರ ಮನೆ. ಅಷ್ಟಕ್ಕೆ ಹಾಲು ಹಾಕುವವನು ನನಗೆ ಚಿಗಪ್ಪನಾಗುತ್ತಿದ್ದ, ಬಸ್ ಕಂಡಕ್ಟರು ಅಣ್ಣನಾಗುತ್ತಿದ್ದ. ಒಮ್ಮೆ ಮನೆಗೆ ನುಗ್ಗಿದ ಕಳ್ಳನ ವರಸೆಯನ್ನೂ ಹಚ್ಚಿ, ಅವನಿಗೆ ಮಜ್ಜಿಗೆ ಕೊಟ್ಟು ಕಳಿಸಿದಳು ಎಂದು ಓಣಿಯಲ್ಲಿ ಹೇಳುತ್ತಿದ್ದರು. ನಾನು ನೋಡಿಲ್ಲ. ನಂಬಿದ್ದೇನೆ.

ಕಾನ್ವೆಂಟಿನಲ್ಲಿ ನನ್ನ ಪಕ್ಕದ ಮಂಚದವಳಾಗಿದ್ದ ಡಾಫ್ನಿ ಸಿಲೋನಿನ ಹುಡುಗಿ. ಮದುವೆಯಾಗಿ ಕೊಲಂಬೊದಲ್ಲಿದ್ದಳು. ಬಾ ಬಾ ಎಂದು ವರ್ಷಗಟ್ಟಲೆ ಕರೆದಳು. ಕೊನೆಗೆ ಒಂದು ಬೇಸಗೆ ರಜೆಯಲ್ಲಿ ಗೌರತ್ತೆ ಒಪ್ಪಿದಳು. ಒಪ್ಪಿದ ರೀತಿ ಹೀಗಿತ್ತು:

"ಹೋಗು. ಆದ್ರೆ ಗುರ್ತಿಲ್ಲದ ಗಂಡಸ್ರ ಜೊತೆ ಮಾತಿಲ್ಲ, ಕತೆ ಇಲ್ಲ. ಯಾರಾದ್ರೂ ಒಬ್ರು ಬಂದು ನಿನ್ನ ಸುದ್ದಿ ನನ್ನ ಕಿವಿಗೆ ಹಾಕಿದ್ರೋ, ಸ್ಕೂಲೂ ಬಂದ್, ಪಾಸ್‌ಪೋರ್ಟೂ ಒಲೆಗೆ."

"ಅತ್ತೆ, ಟಿಕೆಟ್ ಕಲೆಕ್ಟರ್ ಕೇಳಿದ್ರೆ?"

"ಟಿಕೆಟ್ ತೋರ್ಸು. ಹಲ್ಲು ತೋರ್ಸಬ್ಯಾಡ."

ಗೌರತ್ತೆ ತಮಾಷೆಗೆ ಒಲೆಯ ಮಾತು ಆಡುವವಳಲ್ಲ. ನನ್ನ ಮೊದಲ ಫೌಂಟನ್ ಪೆನ್ನಿನಿಂದ ಅವಳ ಸೀರೆಗೆ ಮಸಿ ಬಿದ್ದಾಗ ಆ ಪೆನ್ನು ಒಲೆಗೇ ಹೋಗಿತ್ತು.

ದಾರಿಗೆಂದು ಅವಳು ಖಾರ ಮಂಡಕ್ಕಿ ಕಟ್ಟಿಕೊಟ್ಟಳು, ತನ್ನ ಗಿಳಿ ಡಬ್ಬಿಯಲ್ಲಿ. ಅದು ಯಾವುದೋ ಕಾಲದ ಬಿಲಾಯತಿ ಬಿಸ್ಕತ್ತಿನ ಡಬ್ಬಿ. ಪಕ್ಕದಲ್ಲಿ ಒಂದು ದೊಡ್ಡ ಹಸಿರು ಗಿಳಿ, ಗಿಳಿಯ ಹೊಟ್ಟೆಯ ಹತ್ತಿರ ಒಂದು ತಗ್ಗು. ಬೆಣ್ಣೆಗೆ ಬಾಯಿ ಹಾಕಿದ ಬೆಕ್ಕಿನ ಮೇಲೆ ಎಸೆದಾಗ ಬಿದ್ದ ತಗ್ಗು ಅದು. ರೈಲು ಹೊರಟಾಗ ಪ್ಲಾಟ್‌ಫಾರಂ ಮೇಲೆ ಅತ್ತೆ ಓಡುತ್ತಾ ಬಂದಳು. ನನಗೆ ಕಣ್ಣು ತುಂಬಿತು. ಅವಳು ಕೂಗಿದಳು, "ಡಬ್ಬಿ ಜ್ವಾಕೆ!"

ಮಂಡಪಂ

ಸಿಲೋನಿಗೆ ಹೋಗುವವರನ್ನು ಮಂಡಪಂ ಎಂಬಲ್ಲಿ ಇಳಿಸಿ, ರೋಗ ಇದೆಯೇ ಎಂದು ನಾಲಗೆ ಕಣ್ಣು ರೆಪ್ಪೆ ಎಲ್ಲ ನೋಡಿ, ಆಮೇಲೆ ಪೆಟ್ಟಿಗೆ ಬಿಚ್ಚಿಸುತ್ತಿದ್ದರು. ಬಿಸಿಲು ಎಂದರೆ ನಮ್ಮ ಏಪ್ರಿಲ್ಲಿನ ಬಿಸಿಲಿಗೆ ಉಪ್ಪು ಹಚ್ಚಿದ ಹಾಗೆ. ಕಸ್ಟಮ್ಸ್ ಆಫೀಸರು ನನ್ನ ಸೀರೆಗಳನ್ನು ಬಿಟ್ಟು ಡಬ್ಬಿಯನ್ನು ಹಿಡಿದುಕೊಂಡರು.

"ವಾಟ್ ಈಸ್ ದಿಸ್?"

"ಪಫ್ಡ್ ರೈಸ್, ಆಫೀಸರ್. ಸ್ಪೈಸ್ಡ್," ಎಂದೆ, ನನ್ನ ಅತ್ಯುತ್ತಮ ಕಾನ್ವೆಂಟ್ ಉಚ್ಚಾರಣೆಯಲ್ಲಿ. ಅದೇ ತಪ್ಪಾಯಿತೆಂದು ಕಾಣುತ್ತದೆ. ಇಷ್ಟು ಒಳ್ಳೆಯ ಇಂಗ್ಲಿಷಿನಲ್ಲಿ ಮಂಡಕ್ಕಿ ಒಯ್ಯುವವಳು ಒಳಗೆ ಬಂಗಾರ ಇಟ್ಟಿರಲೇಬೇಕು ಎಂದು ಅವರಿಗೆ ಅನ್ನಿಸಿತು. ತೋಳು ಮಡಚಿ ಮೊಣಕೈವರೆಗೂ ಕೈ ಹಾಕಿ ಕಲಸತೊಡಗಿದರು.

ನನ್ನ ಹಿಂದಿನಿಂದ ಒಂದು ದನಿ ಬಂತು. "ಸಾರ್, ಅದು ಮಂಡಕ್ಕಿ. ತಿನ್ನಾದು. ಹುಡುಕಾದಲ್ಲ."

ತಿರುಗಿ ನೋಡಿದೆ. ಒಬ್ಬ ಗಂಡಸು, ಕೈಯಲ್ಲಿ ಕೊಡೆ. ಇಬ್ಬರಲ್ಲಿ ಯಾರು ತೆಳ್ಳಗಿದ್ದಾರೆ ಎಂದು ಹೇಳುವುದು ಕಷ್ಟ.

"ತಾವು ದಾವಣಗೆರೆನಾ?" ಎಂದರು.

"ಹೌದು. ಹೆಂಗೆ ಗೊತ್ತಾತು?"

"ಮಂಡಕ್ಕಿಗೆ ಇಷ್ಟು ಬೆಳ್ಳುಳ್ಳಿ ಬೇರೆ ಯಾರು ಹಾಕ್ತಾರ್ರಿ? ಸಾಲಿನಾಗೆ ನಿಂತಾಗ್ಲೇ ವಾಸನೆ ಬಂತು. ಊರಿಗೇ ವಾಪಸ್ ಬಂದ್ನೇನೋ ಅನ್ಕಂಡೆ."

ಹೆಸರು ಮಹಾರುದ್ರಪ್ಪ. ಅಂಥ ಹೆಸರನ್ನು ಆ ಶರೀರ ಹೇಗೆ ಹೊತ್ತಿತ್ತೋ. ಊರು ಹರಿಹರ. ನೀರೆತ್ತುವ ಪಂಪು ಮಾರುವ ಕಂಪನಿಯ ಕೆಲಸ, ಸಿಲೋನಿನ ರೈತರಿಗೆ ಪಂಪು ಓಡಿಸಿ ತೋರಿಸಲು ಹೊರಟಿದ್ದರು.

"ಊರಾಗೆ ಇರಾದೇ ಇಲ್ವಾ ಹಂಗಾದ್ರೆ?" ಎಂದೆ.

"ವರ್ಷದಾಗೆ ಮುಕ್ಕಾಲು ಪಾಲು ಪಂಪಿನ ಜೊತೆನೇ ಸಂಸಾರ. ಅದಕ್ಕೂ ಮಾತು ಬರಲ್ಲ, ನನಗೂ ರೂಢಿ ತಪ್ಪೈತೆ."

ಉಳಿದ ಕಾಲು ಪಾಲಿನಲ್ಲಿ ಬೇರೆ ಸಂಸಾರ ಇದೆಯೇ ಎಂದು ನಾನು ಕೇಳಲಿಲ್ಲ. ಎಟಿಕೆಟ್ ಅಲ್ಲ. ಅಷ್ಟರಲ್ಲಿ ಆಫೀಸರು ಬೆರಳು ನೆಕ್ಕಿದರು. ಯೋಚಿಸಿದರು. ಒಂದು ಹಿಡಿ ಬಾಯಿಗೆ ಹಾಕಿಕೊಂಡು ಪಕ್ಕದ ಟೇಬಲ್ಲಿನವರನ್ನೂ ಕರೆದರು. ಡಬ್ಬಿ ಅರ್ಧಕ್ಕೆ ಇಳಿದ ಮೇಲೆ ಅದರಲ್ಲಿ ಬಂಗಾರ ಇಲ್ಲವೆಂದು ಖಾತ್ರಿಯಾಗಿ ನನ್ನನ್ನು ಬಿಟ್ಟರು.

ಗೌರತ್ತೆಯ ಷರತ್ತು ಭಾರತದ ಗಡಿ ದಾಟುವ ಮೊದಲೇ ಮುರಿದಿತ್ತು. ನನಗೆ ಹೆದರಿಕೆಗಿಂತ ಹಗುರವೇ ಹೆಚ್ಚಾಗಿತ್ತು. ಅಷ್ಟು ದೂರದ ರೈಲಿನಲ್ಲಿ ಬಾಯಿ ಮುಚ್ಚಿ ಕೂತು ಬಂದವಳಿಗೆ "ಐತೆ" "ಬ್ಯಾಡ" ಎನ್ನುವ ನಮ್ಮ ಕಡೆಯ ಮಾತು ಕಿವಿಗೆ ಬಿದ್ದರೆ ಬೆಣ್ಣೆ ದೋಸೆ ಕಂಡ ಹಾಗೆ.

ಡೆಕ್ಕಿನ ಮೇಲೆ

ಹಡಗು ಹತ್ತುವ ಧನುಷ್ಕೋಡಿಯ ಕಟ್ಟೆಯಲ್ಲಿ ಒಬ್ಬಾಕೆ ಬಿಸಿ ಬಿಸಿ ಮೆಣಸಿನಕಾಯಿ ಬಜ್ಜಿ ಮಾರುತ್ತಿದ್ದಳು. ಮಹಾರುದ್ರಪ್ಪನವರು ಒಂದು ಪೊಟ್ಟಣ ಕಟ್ಟಿಸಿಕೊಂಡು ಹಡಗು ಹತ್ತಿದರು. "ಮಿರ್ಚಿ ಅಂತ ಕರೆದ್ರೆ ಆಕೆಗೆ ತಿಳೀಲಿಲ್ಲ. ಕೈ ತೋರ್ಸಿ ತಂದೆ," ಎಂದು ನನ್ನಿಂದ ಗೌರವದ ದೂರದಲ್ಲಿ, ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತರು.

ಸ್ವಲ್ಪ ಹೊತ್ತು ಸಮುದ್ರ ನೋಡಿದೆವು. ನಮ್ಮ ಕಡೆಯವರಿಬ್ಬರು ಪಕ್ಕಪಕ್ಕ ಕೂತರೆ ಆಮೇಲೆ ಆಗುವುದೇ ಆಯಿತು. ನಾನು ಕೇಳಿಬಿಟ್ಟೆ. ನಾಲಗೆಯ ರೂಢಿ. "ನಿಮ್ಮ ಅವ್ವಾರ ತವರು?"

"ಲೋಕಿಕೆರೆ."

ಗೌರತ್ತೆಯನ್ನು ಕೊಟ್ಟ ಊರು! ಅಲ್ಲಿ ಯಾರ ಮನೆ ಎನ್ನುವ ಮೂರನೆಯ ಪ್ರಶ್ನೆ ತುಟಿಯವರೆಗೆ ಬಂದಿತ್ತು. ಅತ್ತೆಯ ಕೈಕೆಳಗೆ ಬೆಳೆದವಳು, ಉತ್ತರ ಸಿಕ್ಕರೆ ವರಸೆ ಹಚ್ಚಲು ನನಗೆ ನಿಮಿಷ ಸಾಕು. ಆಮೇಲೆ ಇರುವುದು ಎರಡೇ ದಾರಿ. ವರಸೆಯಲ್ಲಿ ಅಣ್ಣ ಎಂದು ಬಂದರೆ ಜನ್ಮಕ್ಕೆ ಅಣ್ಣ. ರಾಖಿಯ ದಾರ ಇಲ್ಲದಿದ್ದರೂ ಗಂಟು ಬಿಚ್ಚುವುದಿಲ್ಲ. ಕೊಟ್ಟು ತರುವ ವರಸೆ ಎಂದು ಬಂದರೆ ಇನ್ನೂ ಕಷ್ಟ. ಬೆಂಚಿನ ಆ ತುದಿಯಲ್ಲಿ ಕೂತದ್ದೂ ತಪ್ಪು, ನಾಳೆಯೇ ಎರಡೂ ಮನೆಯ ಹಿರಿಯರು ಚಾಪೆ ಹಾಸಿ ಕೂರುತ್ತಾರೆ. ಸುಮ್ಮನೆ ಒಂದು ಹಡಗಿನಲ್ಲಿ ಪಕ್ಕ ಕೂತ ಮನುಷ್ಯ ಎನ್ನುವುದಕ್ಕೆ ನಮ್ಮಲ್ಲಿ ಹೆಸರೇ ಇಲ್ಲ.

"ಈ ಹಡಗಿಗೆ ಯಾವ ಕಂಪನಿ ಪಂಪು ಹಾಕಿರ್ತಾರೆ?" ಎಂದು ಕೇಳಿದೆ.

ಅವರು ನನ್ನ ಮುಖ ನೋಡಿದರು. ಅವರಿಗೆ ತಿಳಿಯಿತು ಎಂದು ನನಗೂ ತಿಳಿಯಿತು. ನನ್ನ ತಾಯಿಯ ಊರು ಕೇಳಲು ಅವರೂ ಬಾಯಿ ತೆರೆದಿದ್ದರು. ಅದನ್ನು ಮುಚ್ಚಿ, ಮತ್ತೆ ತೆರೆದು, "ಸಮುದ್ರ ದೊಡ್ಡದೈತೆ," ಎಂದರು.

"ಹೌದು. ದೊಡ್ಡದೈತೆ," ಎಂದೆ.

ಅದೇ ಹಡಗಿನಲ್ಲಿ ಮದ್ರಾಸಿನ ಒಂದು ಸಿನಿಮಾ ಕಂಪನಿಯವರು ಶೂಟಿಂಗ್ ಮಾಡುತ್ತಿದ್ದರು. ಕಟಕಟೆ ಹಿಡಿದು ನಾಯಕಿ ಅಳಬೇಕು. ಅವಳ ಹಿಂದೆ ಸಂತೋಷವಾಗಿರುವ ಒಂದು ಗಂಡ ಹೆಂಡತಿ ಕಾಣಬೇಕು, ಅವರನ್ನು ನೋಡಿ ಅವಳಿಗೆ ಅಳು ಇನ್ನೂ ಹೆಚ್ಚಬೇಕು. ಸಂತೋಷಕ್ಕೆಂದು ಮದ್ರಾಸಿನಿಂದ ಕರೆತಂದಿದ್ದ ಗಂಡ ಹೆಂಡತಿ ಸಮುದ್ರ ಒಗ್ಗದೆ ಆಚೆ ಕಟಕಟೆಗೆ ಬಗ್ಗಿ ಒಬ್ಬರ ನಂತರ ಒಬ್ಬರು ವಾಂತಿ ಮಾಡುತ್ತಿದ್ದರು. ತಲೆಗೆ ಟವೆಲ್ ಸುತ್ತಿದ ದಪ್ಪ ಡೈರೆಕ್ಟರು ಸುತ್ತ ನೋಡಿ ನಮ್ಮ ಬೆಂಚಿಗೆ ಬಂದರು.

"ಮೇಡಂ, ಪ್ಲೀಸ್. ಓನ್ಲಿ ಸಿಟ್ಟಿಂಗ್. ನೋ ಆ್ಯಕ್ಟಿಂಗ್."

"ವಿ ಆರ್ ನಾಟ್ ಟುಗೆದರ್," ಎಂದೆ.

"ಇನ್ ಪಿಕ್ಚರ್ ಟುಗೆದರ್, ಮೇಡಂ. ಆಫ್ಟರ್ ಪಿಕ್ಚರ್, ಯುವರ್ ವಿಷ್."

ಮಹಾರುದ್ರಪ್ಪನವರು ಕೊಡೆಯ ಹಿಡಿಯನ್ನು ನೋಡುತ್ತಾ ಮೆಲ್ಲಗೆ ಹೇಳಿದರು, "ತಮಿಳು ಪಿಚ್ಚರ್ರಿ. ನಮ್ ಕಡೆ ಯಾರು ನೋಡ್ತಾರೆ? ನೀವು ಹೂಂ ಅಂದ್ರೆ ನನ್ನದೇನೂ ಅಡ್ಡಿ ಇಲ್ಲ. ನೀವು ಬ್ಯಾಡ ಅಂದ್ರೂ ಅಡ್ಡಿ ಇಲ್ಲ."

ನಾನು ಹೂಂ ಎಂದೆ. ಯಾಕೆ ಎಂದು ಕೇಳಬೇಡಿ. ಸಮುದ್ರದ ಗಾಳಿ.

ನಾವು ಏನಾದರೂ ತಿನ್ನುತ್ತಿರಬೇಕಂತೆ. ಅದಕ್ಕೆ ತಂದಿದ್ದ ಕಿತ್ತಳೆ ಹಣ್ಣುಗಳನ್ನು ವಾಂತಿಯ ಜೋಡಿ ಆಗಲೇ ಮುಗಿಸಿತ್ತು. ನಾನು ಡಬ್ಬಿ ತೆಗೆದೆ, ಅವರು ಪೊಟ್ಟಣ ಬಿಚ್ಚಿದರು. ಪೇಪರಿನ ಒಂದು ಹಾಳೆ ಹಾಸಿ, ನನ್ನ ಮಂಡಕ್ಕಿ ಸುರಿದು, ಸುತ್ತ ಅವರ ಮಿರ್ಚಿ ಜೋಡಿಸಿದರು. ದಾವಣಗೆರೆ ಕಂಡವರಿಗೆ ಹೇಳಬೇಕಿಲ್ಲ. ನಮ್ಮಲ್ಲಿ ಮಂಡಕ್ಕಿಯನ್ನು ತಟ್ಟೆಯಲ್ಲಿ ಹಂಚಿ ತಿನ್ನುವುದಿಲ್ಲ. ಮಿಲ್ಲು ಬಿಟ್ಟ ಹೊತ್ತಿಗೆ ಯಾವ ಗಾಡಿಯ ಹತ್ತಿರ ನೋಡಿದರೂ ಒಂದೇ ಹಾಳೆಯ ಸುತ್ತ ಗಂಡಸರು ನಿಂತು ಕೈ ಹಾಕುತ್ತಿರುತ್ತಾರೆ. ಆದರೆ ಅಲ್ಲಿ ನಿಲ್ಲುವುದು ಗಂಡಸರು ಮಾತ್ರ. ಮನೆವಂತ ಹೆಣ್ಣುಮಗಳು ಪರಗಂಡಸಿನೊಂದಿಗೆ ಒಂದೇ ಹಾಳೆಗೆ ಕೈ ಹಾಕುವುದೆಂದರೆ! ಚಮಚ ಕೂಡ ಹಂಚಿಕೊಳ್ಳಬಾರದು ಎಂದು ಕಲಿಸಿದ್ದ ಸಿಸ್ಟರುಗಳೂ ಗೌರತ್ತೆಯೂ ಆ ಕ್ಷಣದಲ್ಲಿ ನನ್ನ ಕಣ್ಣ ಮುಂದೆ ಕೈ ಕೈ ಹಿಡಿದು ನಿಂತಿದ್ದರು.

"ಆ್ಯಕ್ಷನ್!"

ಗಾಳಿ ಬೀಸಿತು. ಮಂಡಕ್ಕಿ ಎದ್ದು ಹಾರಿ ನಾಯಕಿಯ ಮುಡಿ ತುಂಬ ಕೂತಿತು. ಅವಳು ಅಳುವುದನ್ನು ಬಿಟ್ಟು ಸೀನಿದಳು. ಮತ್ತೆ ಸುರಿದೆವು, ಮತ್ತೆ ಹಾರಿತು. ಕೊನೆಗೆ ಡೈರೆಕ್ಟರೇ ಬಂದು ಗಾಳಿಗೆ ಅಡ್ಡವಾಗಿ ಹಾಳೆಯ ತುದಿಯ ಮೇಲೆ ನಮ್ಮ ಡಬ್ಬಿಯನ್ನು ಹೇರಿದರು. ಗಿಳಿಯ ಮುಖ ಕ್ಯಾಮರಾದ ಕಡೆಗೆ. ನನಗೆ ಆಗ ಹೊಳೆಯಲಿಲ್ಲ.

ಈ ಸಲ ಎಲ್ಲ ಸರಿ ಹೋಯಿತು. ನಾಯಕಿ ಅತ್ತಳು, ನಾವು ತಿಂದೆವು. ತಿನ್ನುತ್ತಾ ತಿನ್ನುತ್ತಾ ಹಾಳೆಯ ಮೇಲೆ ಒಂದೇ ಮಿರ್ಚಿ ಉಳಿಯಿತು. ಕೊನೆಯದನ್ನು ನಾನಾಗಿ ತೆಗೆದುಕೊಳ್ಳುವಂತಿಲ್ಲ, ಅವರಾಗಿ ತೆಗೆದುಕೊಳ್ಳುವಂತಿಲ್ಲ.

"ತಗೊಳ್ರಿ," ಎಂದರು.

"ಇಲ್ರಿ, ನೀವು ತಗೊಳ್ರಿ."

"ಛೇ, ನಿಮಗೇ ಇರ್ಲಿ."

"ನನಗೆ ಸಾಕಾತು. ನೀವು ತಗೊಳ್ರಿ ಅಂದ್ರೆ."

ನಾನು ಹಾಳೆಯನ್ನು ಅವರ ಕಡೆ ಸರಿಸಿದೆ. ಅವರು ನನ್ನ ಕಡೆ ಸರಿಸಿದರು. ಕಣ್ಣೆತ್ತಿ ಒಬ್ಬರನ್ನೊಬ್ಬರು ನೋಡಿ, ಕಣ್ಣು ಇಳಿಸಿ, ಮತ್ತೆ ಸರಿಸಿದೆವು. ಡೈರೆಕ್ಟರು ಕುಣಿಯುವುದೊಂದು ಬಾಕಿ. "ಬ್ಯೂಟಿಫುಲ್! ಡೋಂಟ್ ಈಟ್! ಲವ್! ವಾಟ್ ಲವ್!"

ಲವ್ ಅಲ್ಲ, ಮರ್ಯಾದೆ ಎಂದು ಅವರಿಗೆ ತಿಳಿಸಿ ಹೇಳಲು ನನ್ನ ಇಂಗ್ಲಿಷೂ ಸಾಲದಾಯಿತು. ಕಟ್ ಎಂದ ಕೂಡಲೇ ನಾಯಕಿ ಕಣ್ಣೊರೆಸಿಕೊಳ್ಳುತ್ತಾ ಬಂದು ಆ ಮಿರ್ಚಿಯನ್ನು ಎತ್ತಿಕೊಂಡು ತಿಂದುಬಿಟ್ಟಳು. ಪಾಪ, ಬೆಳಗಿನಿಂದ ಅಳುತ್ತಿದ್ದಳು.

ಅಸಿಸ್ಟೆಂಟ್ ಒಬ್ಬ ಖುಷಿಯಿಂದ ಬಂದು ಅಚ್ಚಗನ್ನಡದಲ್ಲಿ ಹೇಳಿದ, "ಬಹಳ ಚೆನ್ನಾಗಿ ಬಂತು ಮೇಡಂ. ಕನ್ನಡಕ್ಕೂ ಇದೇ ಶಾಟ್ ಹಾಕುತ್ತೇವೆ."

"ಕನ್ನಡಕ್ಕೆ?"

"ಎರಡು ಭಾಷೆಯ ಪಿಕ್ಚರ್ ಅಲ್ಲವೇ! ಮೈಸೂರು ರಾಜ್ಯ ಪೂರ್ತಿ ರಿಲೀಸು. ಅದರಲ್ಲೂ ದಾವಣಗೆರೆ ನಮಗೆ ತುಂಬಾ ಒಳ್ಳೇ ಸೆಂಟರು."

ಮಹಾರುದ್ರಪ್ಪನವರು ಖಾಲಿ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡರು. ಸಮುದ್ರ ದೊಡ್ಡದಾಗಿ ಕಾಣುವುದು ನಿಂತುಹೋಯಿತು.

ಕೊಲಂಬೊ, ಕಡಲ ದಂಡೆ

ಡಾಫ್ನಿಯ ಮನೆಯಲ್ಲಿ ನನಗೆ ರಾಜೋಪಚಾರ. ಸಿಲೋನಿನವರು ಒಳ್ಳೆಯ ಜನ, ಆದರೆ ತೆಂಗಿನಕಾಯಿಯನ್ನು ಎಲ್ಲಿ ಹಾಕಬೇಕು, ಎಲ್ಲಿ ಬಿಡಬೇಕು ಎನ್ನುವ ವಿವೇಚನೆ ಇಲ್ಲ. ಬೆಳಿಗ್ಗೆ ಶಾವಿಗೆಯ ಹಾಗೆ ಒಂದು ತಿಂಡಿ ಕೊಟ್ಟರು. ಬೆಲ್ಲ ಹಾಕುತ್ತಾರೆಂದು ಕಾದರೆ ಮೀನಿನ ಸಾರು ತಂದರು. ಮನೆಗೆ ಬಂದವರನ್ನು ಅವರು ಕೇಳುವ ಮೊದಲ ಪ್ರಶ್ನೆ ಎಲ್ಲಿಗೆ ಹೊರಟಿರಿ ಎನ್ನುವುದು. ಯಾರ ಮನೆಯವರು ಎಂದು ಯಾರೂ ಕೇಳಲಿಲ್ಲ. ಮೊದಮೊದಲು ನನಗೆ ಅವಮಾನವಾದಂತಾಯಿತು. ಆಮೇಲೆ, ಡಿಯರ್ ಮಿ, ಎಂಥ ನೆಮ್ಮದಿ!

ಹಡಗು ಇಳಿಯುವಾಗ ಮಹಾರುದ್ರಪ್ಪನವರು ಆಕಾಶಕ್ಕೆ ಹೇಳುವಂತೆ ಹೇಳಿದ್ದರು, "ಭಾನುವಾರ ಸಂಜೆ ಕೊಲಂಬೊದಾಗೆ ಎಲ್ರೂ ಕಡಲ ದಂಡೆ ಮೈದಾನಕ್ಕೆ ಬರ್ತಾರಂತೆ."

"ಹೌದಂತೆ," ಎಂದು ನಾನೂ ಆಕಾಶಕ್ಕೇ ಹೇಳಿದ್ದೆ.

ಭಾನುವಾರ ನಾನು ಡಾಫ್ನಿಯನ್ನು ಎಳೆದುಕೊಂಡು ಹೋದೆ. ಅವರು ಇದ್ದರು. "ಸೂಸಿ, ಹೂ ಈಸ್ ದಿಸ್ ಲ್ಯಾಂಪ್ ಪೋಸ್ಟ್?" ಎಂದು ನನ್ನ ಕಿವಿಯಲ್ಲಿ ಕೇಳಿ, ಸಿಗಡಿ ವಡೆ ತರುವ ನೆಪದಲ್ಲಿ ಡಾಫ್ನಿ ಮಾಯವಾದಳು. ಅವಳಿಗೆ ಕಾನ್ವೆಂಟಿನಲ್ಲೂ ಇದೇ ಬುದ್ಧಿ.

ಆ ಮೈದಾನದಲ್ಲಿ ಒಂದು ವಿಚಿತ್ರ ಕಂಡೆ. ಸಮುದ್ರದ ಗೋಡೆಯ ಉದ್ದಕ್ಕೂ ಜೋಡಿ ಜೋಡಿ ಜನ ಕೂತಿದ್ದರು. ಪ್ರತಿಯೊಂದು ಜೋಡಿಗೂ ಒಂದೊಂದು ಬಿಚ್ಚಿದ ಕೊಡೆ. ಬಿಸಿಲಿಲ್ಲ, ಮಳೆಯಿಲ್ಲ. ಕೊಡೆಗಳ ಹಿಂದೆ ಕಾಲುಗಳು ಮಾತ್ರ ಕಾಣುತ್ತಿದ್ದವು. ನಮ್ಮೂರಲ್ಲಿ ಗಂಡ ಹೆಂಡತಿ ಸಂತೆಗೆ ಹೋದರೂ ನಡುವೆ ಒಂದು ಎತ್ತಿನ ಗಾಡಿ ಹೋಗುವಷ್ಟು ಜಾಗ ಬಿಟ್ಟು ನಡೆಯುತ್ತಾರೆ. ನಾನು ಆ ಕಡೆ ನೋಡದೆ ಎಲ್ಲವನ್ನೂ ನೋಡಿದೆ.

ಆಮೇಲೆ ಮಳೆ ಬಂದೇಬಿಟ್ಟಿತು. ಅಲ್ಲಿನ ಮಳೆ ಮುನ್ಸೂಚನೆ ಕೊಡುವುದಿಲ್ಲ, ಬಕೆಟ್ಟು ಮಗುಚಿದ ಹಾಗೆ. ನಾವಿಬ್ಬರೂ ನಿಂತೇ ಇದ್ದೆವು.

"ಕೊಡೆ ಐತಲ್ರಿ," ಎಂದೆ.

"ಐತೆ."

"ಹರಿದೈತಾ?"

"ಇಲ್ರಿ, ಹೊಸದು."

ನನ್ನ ಕನ್ನಡಕದಿಂದ ನೀರು ಸುರಿಯುತ್ತಿತ್ತು. ಅವರು ಗೋಡೆಯ ಕಡೆ ಗದ್ದ ತೋರಿಸಿ ಹೇಳಿದರು, "ಬಿಚ್ಚಿದ್ರೆ ನಾವೂ ಅವರಂಗೇ ಕಾಣ್ತೀವಿ. ನಿಮಗೆ ಒಂದು ಮಾತು ಬರಬಾರದು."

ಕೊಡೆಯನ್ನು ಮಗುವಿನ ಹಾಗೆ ತೋಳಲ್ಲಿ ಅವುಚಿಕೊಂಡು ಅವರು ತೊಯ್ದರು, ಪಕ್ಕದಲ್ಲಿ ನಾನೂ ತೊಯ್ದೆ. ಡಾಫ್ನಿ ಬಂದು ನೋಡಿ ನಕ್ಕು ನಕ್ಕು ವಡೆ ಬೀಳಿಸಿದಳು. "ಕೊಡೆ ಒದ್ದೆಯಾಗಬಾರದೆಂದು ನೆನೆಯುವ ಜನರನ್ನು ನಾನು ಈಗಲೇ ನೋಡಿದ್ದು," ಎಂದಳು ಇಂಗ್ಲಿಷಿನಲ್ಲಿ. ನನಗೆ ವಾರವಿಡೀ ನೆಗಡಿ. ಪ್ರತಿ ಸೀನಿಗೂ ಡಾಫ್ನಿ, "ಗಾಡ್ ಬ್ಲೆಸ್ ದ ಅಂಬ್ರೆಲಾ," ಎನ್ನುತ್ತಿದ್ದಳು.

ಹರಿಹರ

ಊರಿಗೆ ಬಂದೆ. ಡಬ್ಬಿಯನ್ನು ಅತ್ತೆ ತಿರುಗಿಸಿ ತಿರುಗಿಸಿ ನೋಡಿ, ಹೊಸ ತಗ್ಗು ಬಿದ್ದಿಲ್ಲ ಎಂದು ಖಾತ್ರಿ ಮಾಡಿಕೊಂಡು, ಆಮೇಲೆ ನನ್ನನ್ನು ನೋಡಿದಳು. "ಯಾರ ಜೊತೆನೂ ಮಾತಾಡ್ಲಿಲ್ಲ ತಾನೆ?"

"ಸಮುದ್ರ ನೋಡ್ದೆ ಅತ್ತೆ. ದೊಡ್ಡದೈತೆ."

ಮಳೆಗಾಲದಲ್ಲಿ ಅತ್ತೆಯ ಹರಕೆ ತೀರಿಸಲು ಹರಿಹರಕ್ಕೆ ಹೋದೆವು. ಬಸ್ಸಿನಲ್ಲಿ ಕೂತು ಸೆರಗು ಸರಿಮಾಡಿಕೊಳ್ಳುವಷ್ಟರಲ್ಲಿ ಬರುವ ಊರು. ಗುಡಿಯಲ್ಲಿ ದೇವರು ಒಂದೇ ಮೈಯಲ್ಲಿ ಅರ್ಧ ಹರಿ, ಅರ್ಧ ಹರ. ಸಣ್ಣವಳಿದ್ದಾಗ ನಾನು ಇದು ಯಾರು, ಸರಿಯಾಗಿ ಹೇಳು ಎಂದು ಪೀಡಿಸುತ್ತಿದ್ದೆ. ಅತ್ತೆ ಆಗಲೂ ಹೇಳುತ್ತಿದ್ದಳು, ಆವತ್ತೂ ಹೇಳಿದಳು: "ಅರ್ಧ ಅವನು, ಅರ್ಧ ಇವನು. ಯಾರಂತ ಕೇಳಬಾರದು. ಕೈ ಮುಗೀಬೇಕು."

ಗುಡಿಯಿಂದ ಹೊರಗೆ ಬಂದರೆ ಬೀದಿಯಲ್ಲಿ ಎದುರಿಗೆ ಮಹಾರುದ್ರಪ್ಪನವರು. ಕೈಯಲ್ಲಿ ಕೊಡೆ. ನನ್ನನ್ನು ನೋಡಿದರು, ಅತ್ತೆಯನ್ನು ನೋಡಿದರು, ಥಟ್ಟನೆ ಕೂತು ಚಪ್ಪಲಿಯ ಲೇಸು ಕಟ್ಟತೊಡಗಿದರು. ಚಪ್ಪಲಿಗೆ ಲೇಸು ಇರಲಿಲ್ಲ. ನಾನು ನನ್ನ ಬಳೆಗಳನ್ನು ಜೀವಮಾನದಲ್ಲಿ ಮೊದಲ ಸಲ ಕಂಡವಳಂತೆ ಪರೀಕ್ಷೆ ಮಾಡುತ್ತಾ ಮುಂದೆ ನಡೆದೆ. ಸಮುದ್ರದ ಮೇಲೆ ಒಂದೇ ಹಾಳೆಯಲ್ಲಿ ತಿಂದವರಿಗೆ ಹರಿಹರದ ಬೀದಿಯಲ್ಲಿ "ಆರಾಮಾ" ಎನ್ನಲು ಬಾಯಿ ಬರಲಿಲ್ಲ. ಅತ್ತೆ ಒಮ್ಮೆ ಹಿಂತಿರುಗಿ ನೋಡಿದಳು.

ದಾವಣಗೆರೆಯಲ್ಲಿ ಬಸ್ಸಿಳಿದರೆ ಗೋಡೆಯ ಮೇಲೆ ಹೊಸ ಪೋಸ್ಟರು. ಹಡಗು. ಕಟಕಟೆ. ಅಳುವ ನಾಯಕಿ. ಅಂಟು ಇನ್ನೂ ಹಸಿಯಾಗಿತ್ತು.

ದಾವಣಗೆರೆ, ಟಾಕೀಸು

ಪಕ್ಕದ ಮನೆಯ ಸರೋಜಕ್ಕ ಸುದ್ದಿ ತಂದಳು. "ಗೌರಕ್ಕ, ಪಿಚ್ಚರ್ ಬಂದೈತೆ! ಎಷ್ಟು ಅಳು ಅಂತೀಯ, ಒಂದು ಸೆರಗು ಸಾಲಲ್ವಂತೆ."

ಗೌರತ್ತೆಗೆ ಅಳುವ ಪಿಕ್ಚರೆಂದರೆ ಪ್ರಾಣ. ನಾನು ತಲೆನೋವು ಎಂದೆ.

"ತಲೆ ನೋಯ್ತಿದ್ರೆ ಕತ್ಲೆಯಾಗೆ ಕೂಡಾದೇ ಒಳ್ಳೇದು. ನಡಿ."

ಹೆಂಗಸರ ಕ್ಲಾಸಿನಲ್ಲಿ ನಮ್ಮ ಓಣಿಯೆಲ್ಲ ಬಂದು ಕೂತಿತ್ತು. ಗಂಡಸರ ಕಡೆಗೂ ನಮಗೂ ನಡುವೆ ಒಂದು ಅಡ್ಡಗೋಡೆ. ದೀಪ ಆರಿತು. ನಾನು ಮನಸ್ಸಿನಲ್ಲೇ ನನ್ನ ಕ್ಲಾಸ್ ರೂಮಿಗೆ ಗುಡ್ ಬೈ ಹೇಳಿದೆ. ಪಾಸ್‌ಪೋರ್ಟಿನ ಗಟ್ಟಿ ರಟ್ಟು ಒಲೆಯಲ್ಲಿ ಹೇಗೆ ಉರಿದೀತು ಎಂದು ಯೋಚಿಸಿದೆ. ಹೊಗೆ ಜಾಸ್ತಿ ಬರುತ್ತದೆ ಅನ್ನಿಸಿತು.

ಹಡಗು ಬಂತು. ನಾಯಕಿ ಬಂದಳು. ಅವಳ ಹೆಗಲ ಹಿಂದೆ ನಾವು. ಆದರೆ ದೇವರು ದೊಡ್ಡವನು! ಗಾಳಿಗೆ ನನ್ನ ಸೆರಗು ಹಾರಿ ಮುಖವನ್ನು ಅರ್ಧ ಮುಚ್ಚಿತ್ತು. ಯಾರೂ ಗುರುತು ಹಿಡಿಯುವಂತಿರಲಿಲ್ಲ. ಅಬ್ಬಾ ಎಂದು ನಾನು ಉಸಿರು ಬಿಡುವುದಕ್ಕೂ ಗೌರತ್ತೆ ಎದ್ದು ನಿಲ್ಲುವುದಕ್ಕೂ ಸರಿಹೋಯಿತು.

"ಅಯ್ಯಯ್ಯೋ! ಅದು ನನ್ ಡಬ್ಬಿ!"

"ಕೂಡ್ರಿ, ಕೂಡ್ರಿ," ಎಂದು ಹಿಂದಿನವರು.

"ಏನ್ ಕೂಡಾದು! ಸರೋಜಿ, ಗಿಳಿ ನೋಡೇ! ಹೊಟ್ಟೆ ನೋಡು, ತಗ್ಗು ನೋಡು! ಬೆಕ್ಕಿಗೆ ಎಸೆದಿದ್ದು!"

ಪರದೆಯ ಮೇಲೆ ಡಬ್ಬಿ ಆನೆಯಷ್ಟು ದೊಡ್ಡದಾಗಿ ನಿಂತಿತ್ತು. ಅದರಾಚೆ ಕೊನೆಯ ಮಿರ್ಚಿ ಅವರ ಕಡೆಯಿಂದ ನನ್ನ ಕಡೆಗೆ, ನನ್ನ ಕಡೆಯಿಂದ ಅವರ ಕಡೆಗೆ ಸರಿದಾಡುತ್ತಿತ್ತು, ಹಿನ್ನೆಲೆಯಲ್ಲಿ ಪಿಟೀಲು. ಗಂಡಸರ ಕಡೆಯಿಂದ ಯಾರೋ ತಡೆಯಲಾರದೆ ಕೂಗಿದರು, "ಯಾರಾದ್ರೂ ಒಬ್ರು ತಿನ್ರಪ್ಪೋ!" ಟಾಕೀಸೇ ನಕ್ಕಿತು. ಅಳುತ್ತಿದ್ದವಳು ನಾಯಕಿ ಒಬ್ಬಳೇ.

ನಗು ನಿಂತ ಮೇಲೆ ಕತ್ತಲಲ್ಲಿ ಸರೋಜಕ್ಕನ ದನಿ ಜೇನಿನ ಹಾಗೆ ಬಂತು. "ಡಬ್ಬಿ ನಿಮ್ದು, ಸರಿ. ಹಂಗಾದ್ರೆ ಸಿಲೋನಿಗೆ ಹೋಗಿದ್ದ ನಮ್ ಸುಸೀಲಿನೇ ಆಕೆ. ಗಂಡಸು ಯಾರ್ದು, ಗೌರಕ್ಕ?"

ಓಣಿಯೆಲ್ಲ ನನ್ನ ಕಡೆ ತಿರುಗಿತು. ಅತ್ತೆಯೂ ತಿರುಗಿದಳು. ಪರದೆಯ ಬೆಳಕಿನಲ್ಲಿ ನನ್ನ ಮುಖ ಎಷ್ಟು ಹೊತ್ತು ನೋಡಿದಳೋ. ಆಮೇಲೆ ನಿಧಾನ ಕೂತು, ಸೆರಗು ಹೊದ್ದುಕೊಂಡಳು.

"ನಮ್ಮ ಕಡೆಯೋನೇ. ಹರಿಹರದೋನು. ನಾನೇ ಜೊತೆ ಮಾಡಿ ಕಳ್ಸಿದ್ದೆ."

ಲೇಸಿಲ್ಲದ ಚಪ್ಪಲಿಯನ್ನು ಅವಳು ಮರೆತಿರಲಿಲ್ಲ.

"ನಿಮ್ ಕಡೆಯೋನಾ? ವರಸೆಯಾಗೆ ಏನಾಗ್ಬೇಕು ಸುಸೀಲಿಗೆ?"

"ಪಿಚ್ಚರ್ ನೋಡೇ, ಸುಮ್ನೆ!"

ಹೊರಗೆ ಬಂದರೆ ಜಿನುಗು ಮಳೆ. ಜನವೆಲ್ಲ ಸೂರಿನ ಕೆಳಗೆ ಒತ್ತಿಕೊಂಡು ನಿಂತಿದ್ದರು. ಒಬ್ಬರು ಮಾತ್ರ ಬೀದಿಯ ನಡುವೆ, ಮುಚ್ಚಿದ ಕೊಡೆ ಅವುಚಿಕೊಂಡು, ತೊಯ್ಯುತ್ತಾ ನಿಂತಿದ್ದರು. ಪಿಕ್ಚರ್ ನೋಡಲೆಂದೇ ಹರಿಹರದಿಂದ ಬಂದಿದ್ದರು. ನನಗೆ ಏನಾಗುವುದೋ ಎಂದು ನೋಡಲೂ ಬಂದಿರಬಹುದು. ಗೌರತ್ತೆ ನೇರ ಅವರ ಮುಂದೆ ಹೋಗಿ ನಿಂತಳು. ಅವಳ ಬೆನ್ನಿಗೆ ಸರೋಜಕ್ಕ, ಸರೋಜಕ್ಕನ ಬೆನ್ನಿಗೆ ಓಣಿ.

"ಏನಪ್ಪಾ, ಲೇಸು ಕಟ್ಟಿ ಆತಾ?"

ಮಹಾರುದ್ರಪ್ಪನವರು ಬಗ್ಗಿ ತಮ್ಮ ಚಪ್ಪಲಿ ನೋಡಿಕೊಂಡರು.

"ಕೈಯಾಗೆ ಕೊಡೆ ಐತಲ್ಲ. ಬಿಚ್ಚು."

ಬಿಚ್ಚಿದರು. ಮೊದಲ ಸಲ ನಾನು ಆ ಕೊಡೆ ಅರಳಿದ್ದನ್ನು ಕಂಡೆ. ಗೌರತ್ತೆ ಕೊಡೆಯ ಕೆಳಗೆ ಹೋಗಿ ನಿಂತಳು. ನಾನು ಹೊರಗೆ, ಮಳೆಯಲ್ಲಿ.

"ಹೆಸರು?"

"ಮಹಾರುದ್ರಪ್ಪ."

"ಅವ್ವನ ತವರು?"

ಅವರು ನನ್ನ ಕಡೆ ನೋಡಿದರು. ಸುಳ್ಳು ಹೇಳಿರಪ್ಪಾ ಎಂದು ಬೇಡಿಕೊಂಡೆ. ಆ ಮನುಷ್ಯನಿಗೆ ಅದೂ ರೂಢಿ ಇರಲಿಲ್ಲ. "ಲೋಕಿಕೆರೆ," ಎಂದರು.

ಅತ್ತೆಯ ಹುಬ್ಬು ಏರಿತು. ಲೋಕಿಕೆರೆಯ ಒಂದೊಂದು ಮನೆಯ ಒಲೆಯೂ ಅವಳಿಗೆ ಗೊತ್ತು. ಇನ್ನು ಒಂದೇ ಪ್ರಶ್ನೆ. ಅಣ್ಣನೋ, ಚಾಪೆ ಹಾಸುವುದೋ, ಬೀದಿಯಲ್ಲೇ ಓಣಿಯ ಎದುರಿಗೇ ತೀರ್ಮಾನವಾಗಿಬಿಡುತ್ತದೆ. ಸರೋಜಕ್ಕ ಕೇಳಲೆಂದು ಕಿವಿಯ ಮೇಲಿನ ಸೆರಗನ್ನೇ ಸರಿಸಿಕೊಂಡಿದ್ದಳು.

"ಲೋಕಿಕೆರೆಯಾಗೆ..." ಎಂದು ಅತ್ತೆ ಶುರು ಮಾಡಿದಳು. ನನ್ನನ್ನು ನೋಡಿದಳು. ನನ್ನ ಮುಖದಲ್ಲಿ ಏನಿತ್ತೋ ನನಗೆ ಗೊತ್ತಿಲ್ಲ. ಕನ್ನಡಕದ ತುಂಬ ನೀರು.

"ಲೋಕಿಕೆರೆಯಾಗೆ ಈ ಸಲ ಕೆರೆ ತುಂಬೈತಾ?"

"ತುಂಬೈತ್ರಿ," ಎಂದರು ಮಹಾರುದ್ರಪ್ಪನವರು.

"ಹಂಗಾದ್ರೆ ಆತು. ಭಾನುವಾರ ಮನೆಗೆ ಬಾ, ಮಂಡಕ್ಕಿ ಮಾಡ್ತೀನಿ. ಮಿರ್ಚಿ ನೀನು ತರಬ್ಯಾಡ, ಅದನ್ನೂ ನಾನೇ ಕರೀತೀನಿ." ಆಮೇಲೆ ನನ್ನ ಕಡೆ ತಿರುಗಿದಳು. "ಅಲ್ಲಲೇ, ಹರಿಹರದೋನ ಜೊತೆ ಮಂಡಕ್ಕಿ ತಿನ್ನಾಕೆ ಸಿಲೋನ್ ತನಕ ಹೋಗಿದ್ಯಾ?"

ಪಾಸ್‌ಪೋರ್ಟು ಒಲೆಗೆ ಹೋಗಲಿಲ್ಲ, ಗಿಳಿ ಡಬ್ಬಿಯೊಳಗೆ ಹೋಯಿತು. ಅದು ಸಿನಿಮಾದ ಡಬ್ಬಿ ಎಂದು ನೋಡಲು ವಿನೋಬನಗರದಿಂದೆಲ್ಲ ಹೆಂಗಸರು ಬಂದರು. ಧನುಷ್ಕೋಡಿಯನ್ನು ಆಮೇಲೆ ಒಂದು ಬಿರುಗಾಳಿ ನುಂಗಿತು. ನಾವು ಹಡಗು ಹತ್ತಿದ ಕಟ್ಟೆ ಈಗ ಇಲ್ಲ.

ಮಹಾರುದ್ರಪ್ಪನವರು ಊರಲ್ಲಿದ್ದ ಭಾನುವಾರಗಳಲ್ಲೆಲ್ಲ ಬಂದರು. ಅವರು ಏನಾಗಬೇಕು ಎಂದು ಸರೋಜಕ್ಕ ಸಾಯುವವರೆಗೂ ಕೇಳಿದಳು. ಲೋಕಿಕೆರೆಯ ಕೆರೆಯ ಸಮಾಚಾರ ಬಿಟ್ಟು ಅತ್ತೆ ಅವಳಿಗೆ ಇನ್ನೇನೂ ಹೇಳಲಿಲ್ಲ. ಹಜಾರದಲ್ಲಿ ಒಂದು ಹಾಳೆ ಹಾಸಿ ಮೂವರೂ ಸುತ್ತ ಕೂರುತ್ತಿದ್ದೆವು. ತಿನ್ನುತ್ತಾ ತಿನ್ನುತ್ತಾ ಒಂದು ಮಿರ್ಚಿ ಉಳಿಯುತ್ತಿತ್ತು.

"ತಗೊಳ್ರಿ," ಎನ್ನುತ್ತಿದ್ದರು.

"ಇಲ್ರಿ, ನೀವು ತಗೊಳ್ರಿ," ಎನ್ನುತ್ತಿದ್ದೆ.

ಗೌರತ್ತೆ ಅವರನ್ನು ನೋಡಿ, ನನ್ನನ್ನು ನೋಡಿ, ಕಾದು ಕಾದು, ಕೊನೆಗೆ ಅದನ್ನು ತಾನೇ ಎತ್ತಿ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. "ಹಿಂಗೇ ಕೂತಿರ್ರಿ ಇಬ್ರೂ," ಎನ್ನುತ್ತಿದ್ದಳು ಅಗಿಯುತ್ತಾ. "ನನಗೇನು, ನಾನು ತಿಂತೀನಿ."